ಬಟನ್ ನೆಕ್ಕಿದ ಸೌದೆ

ಸಿಕ್ಕಿದ್ದನ್ನೆಲ್ಲ ನೆಕ್ಕುವುದು ಆರ್ವಿಡ್ ಸಾಕಿದ ಬಟನ್ ಎಂಬ ನಾಯಿಯ ಹುಟ್ಟುಗುಣ. ಅದರ ಮಲದಲ್ಲಿ ರಕೂನ್ ಎಂಬ ಕಾಡುಪ್ರಾಣಿಯ ಜಂತುಹುಳುವಿನ ಮೊಟ್ಟೆ ಸಿಕ್ಕಿದೆಯೆಂದು ಪಶುವೈದ್ಯೆ ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿದಳು. ಅಂದೇ ಸಂಜೆ ಆರ್ವಿಡ್‌ನ ಮಗಳು ಬ್ರಿಟಾ, ಅಂಬೆಗಾಲಿಡುವ ಕೂಸನ್ನು ಮೊದಲ ಸಲ ಅಜ್ಜನ ಮನೆಗೆ ಕರೆತರುವವಳಿದ್ದಳು!

"ನಾಯಿಗೆ ಮಾತ್ರೆ ಸಾಕು," ಎಂದಳು ವೈದ್ಯೆ. " ಆದ್ರೆ ನಿಮ್ಮ ಹಿತ್ತಲಲ್ಲಿ ರಕೂನ್‌ಗಳು ಎಲ್ಲೋ ಪಾಯಿಖಾನೆ ಮಾಡ್ಕೊಂಡಿವೆ. ಆ ಮೊಟ್ಟೆ ಮಗು ಬಾಯಿಗೆ ಹೋದ್ರೆ ಹುಳ ಮಿದುಳಿಗೇ ಹತ್ತಬಹುದು. ಫಿನಾಯಿಲ್‌ಗೆಲ್ಲ ಜಗ್ಗಲ್ಲ ಅದು. ಎತ್ತಿ ಹಾಕಿ, ಕುದಿಯೋ ನೀರು ಹೊಯ್ಯಿರಿ."

ಹೆಂಡತಿ ಮಾರ್ಲಿಸ್‌ಗೆ ಬಾಯಿ ನಿಲ್ಲಬೇಕಲ್ಲ, ಮಗಳಿಗೆ ಹೇಳಿಯೇಬಿಟ್ಟಳು.

"ಅಪ್ಪಾ, ಹಿತ್ತಲು ಚೊಕ್ಕ ಆಗದಿದ್ರೆ ಕಾರು ಹಂಗೇ ತಿರುಗಿಸ್ತೀನಿ" ಎಂದಳು ಬ್ರಿಟಾ ಫೋನಿನಲ್ಲಿ.

ಪಾಯಿಖಾನೆ ಸಿಕ್ಕಿದ್ದು ಸೌದೆ ರಾಶಿಯ ಮೇಲೆ. ಆರ್ವಿಡ್ ಕೈಗವಸು ಹಾಕಿ ಎಲ್ಲ ಬಳಿದು, ಅಡುಗೆಮನೆಯಿಂದ ಕೆಟಲ್ ಹೊತ್ತು ಓಡಾಡತೊಡಗಿದ. ಬೇಲಿಯಾಚೆಯಿಂದ ಪಕ್ಕದ ಮನೆಯ ಲೆರಾಯ್ ಇಣುಕಿದ.

"ಕೆಟಲಲ್ಲಿ ಯಾವ ಕಾಲಕ್ಕೆ ಮುಗಿಸ್ತೀಯೋ ಮಾರಾಯ? ನನ್ನ ಹಂಡೆ ತರ್ತೀನಿ ತಾಳು."

ಚರ್ಚಿನ ಶುಕ್ರವಾರದ ಮೀನೂಟಕ್ಕೆ ಲೆರಾಯ್ ಊರಿಗೆಲ್ಲ ಮೀನು ಬೇಯಿಸುವ ಹಂಡೆ ಅದು. ಊರಂಚಿನ ಸರೋವರದ ಗಾಳಿಗೆ ಹಂಡೆಯಡಿ ಬೆಂಕಿ ಹತ್ತಲಿಲ್ಲ. ಮೊಮ್ಮಗು ಆಡಲೆಂದು ಆರ್ವಿಡ್ ಮನೆಯ ಮಗ್ಗುಲಲ್ಲಿ ಮೂರು ವಾರ ಬಡಿದು ಕಟ್ಟಿದ್ದ ಮರಳುಪೆಟ್ಟಿಗೆಯ ಮುಚ್ಚಳ ಕಿತ್ತು, ಲೆರಾಯ್ ಗಾಳಿಗೆ ಅಡ್ಡ ಇಟ್ಟ.

"ಅಯ್ಯೋ, ಅದನ್ನ ಯಾಕೋ ತೆಗೆದೆ?"

"ಆಮೇಲೆ ಮುಚ್ಚಿದ್ರಾಯ್ತು, ಸುಮ್ನಿರು."

ನೀರು ಕುದಿಯಿತು. ಮೀನೂಟದ ಹಂಡೆ ಕುದಿದಾಗ ನೊರೆ ಉಕ್ಕಿ ಹೋಗಲೆಂದು ಬೆಂಕಿಗೆ ಸೀಮೆಎಣ್ಣೆ ಎರಚುವುದು ಮೂವತ್ತು ವರ್ಷದಿಂದ ಲೆರಾಯ್‌ನ ಕೈಗೆ ಅಂಟಿದ ಚಟ. ಎರಚಿಯೇಬಿಟ್ಟ. ಜ್ವಾಲೆ ಮಾಡಿನೆತ್ತರ ಎದ್ದಿತು. ಶುಕ್ರವಾರ ಅಷ್ಟೆತ್ತರದ ಬೆಂಕಿ ಎದ್ದರೆ ಆ ಊರಲ್ಲಿ ಅದಕ್ಕೆ ಒಂದೇ ಅರ್ಥ, ಮೀನೂಟ. ಕಾಲು ಗಂಟೆಯೊಳಗೆ ಬೀದಿಯವರೆಲ್ಲ ಮಡಚುಕುರ್ಚಿ, ಆಲೂಗಡ್ಡೆ ಸಲಾಡು, ಚೆರ್ರಿ ಪೈ ಹಿಡಿದು ಹಾಜರಾದರು.

"ಮೀನೂಟ ಅಂತ ಹೇಳಲೇ ಇಲ್ವಲ್ಲೋ!" ಎಂದಳು ಎದುರುಮನೆಯ ಡೊಲೊರೆಸ್.

"ಮೀನೂಟ ಅಲ್ಲ, ರಕೂನ್ ಕಕ್ಕಸು!" ಎಂದ ಆರ್ವಿಡ್.

"ನಿನ್ನ ತಮಾಷೆ ನಿಂಗೇ ಇರ್ಲಿ. ಬಟ್ಟಲು ಎಲ್ಲಿಡ್ಲಿ?"

ಊಟ ತಂದವರನ್ನು ವಾಪಸ್ ಕಳಿಸಲು ಆ ಊರಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ಆರ್ವಿಡ್ ಹಲ್ಲು ಕಚ್ಚಿಕೊಂಡು ಸೌದೆಗೆ ಬಿಸಿನೀರು ಹೊಯ್ಯುತ್ತಲೇ ಇದ್ದ. ಮುಚ್ಚಳ ಊಟದ ಮೇಜಾಯಿತು. ಮಿಕ್ಕ ನೀರು ದಂಡವೇಕೆಂದು ಲೆರಾಯ್ ಮನೆಯಿಂದ ಮೀನು ತಂದು ಹಂಡೆಗೆ ಹಾಕಿದ. ಘಮ ಬೀದಿ ತುಂಬಿತು.

ಹೊತ್ತು ಮುಳುಗುವಾಗ ಬ್ರಿಟಾಳ ಕಾರು ಬಂತು. ಹಬೆಯಾಡುತ್ತಿದ್ದ ಸೌದೆಯನ್ನು ಸುತ್ತು ಹಾಕಿ ನೋಡಿದಳು.

"ಚೊಕ್ಕ ಮಾಡಿದೀಯಪ್ಪಾ. ತಗೋ ನಿನ್ನ ಮೊಮ್ಮಗಳನ್ನ."

ಆರ್ವಿಡ್ ಕೂಸನ್ನು ಎದೆಗವಚಿಕೊಂಡು, "ಬಾ ಕಂದಾ, ಅಜ್ಜ ಏನು ಮಾಡಿಟ್ಟಿದಾನೆ ನೋಡು" ಎಂದು ಮನೆಯ ಮೂಲೆ ತಿರುಗಿದ.

ಮೀನಿನ ವಾಸನೆ ಹಿಡಿದು ಮರದಿಂದ ಇಳಿದಿದ್ದ ದಪ್ಪನೆಯ ತಾಯಿ ರಕೂನ್, ಹಳೆಯ ಜಾಗ ಬಿಸಿಯಾಗಿದ್ದು ಕಂಡು, ಮೂರು ಮರಿಗಳೊಂದಿಗೆ ತೆರೆದ ಮರಳುಪೆಟ್ಟಿಗೆಯಲ್ಲಿ ಸಾಲಾಗಿ ಕುಳಿತು ಕೆಲಸ ಮುಗಿಸುತ್ತಿತ್ತು.

ಹಿಂದೆಯೇ ಬಂದ ಬ್ರಿಟಾ ಕೂಸನ್ನು ಕಿತ್ತುಕೊಂಡಳು. ಕಾರು ಹೊರಟ ಸದ್ದು ಕೇಳಿತು. ಬಟನ್ ಬಾಲ ಆಡಿಸುತ್ತ ಪೆಟ್ಟಿಗೆಯ ಕಡೆ ನಡೆಯಿತು.

ತಟ್ಟೆ ಹಿಡಿದ ಲೆರಾಯ್ ಪಕ್ಕಕ್ಕೆ ಬಂದು ನಿಂತ. "ಬೇಜಾರಾಗ್ಬೇಡ ಕಣೋ. ಹಂಡೆ ಇನ್ನೂ ಬಿಸಿ ಇದೆ."