ಐದನೆಯ ಮೊಳೆ

ಕುಬಿಹಾಳದ ಹೊಳೆಯಪ್ಪ ಆ ದಿನ ಉಡದಾರದ ಕೀಲಿಕೈ ಬಿಚ್ಚಿಟ್ಟ, ಕೈಗಡಿಯಾರ ಬಿಚ್ಚಿಟ್ಟ, ಮೊಳೆ ಹೊಡೆಸಿದ್ದ ಚಪ್ಪಲಿಯನ್ನೂ ಬಿಟ್ಟು ಬರಿಗಾಲಲ್ಲಿ ಹೊಲಕ್ಕೆ ಹೊರಟ. ಮೈಮೇಲೆ ಉಳಿದದ್ದು ಧೋತರ ಮತ್ತು ಹೊಸ ಅಂಗಿ. ಅಂಗಿಯ ಗುಂಡಿ ಸಡಿಲಾಗಿದೆಯೆಂದು ಅವನ ತಾಯಿ ಅನ್ನವ್ವ ತಾನೇ ಕೂತು ಹೊಲಿದುಕೊಟ್ಟು, ಸಂಶಿಯ ಸಂತೆಗೆ ಮುಂಜಾನೆಯ ಬಸ್ಸು ಹತ್ತಿದ್ದಳು.

ಇದಕ್ಕೆಲ್ಲ ಕಾರಣ ಶೈಲಶ್ರೀ ಮೇಡಂ. ಭೂಮಿಯೇ ಒಂದು ದೊಡ್ಡ ಅಯಸ್ಕಾಂತ, ಅದರ ಬಲ ಗಳಿಗೆಗೊಮ್ಮೆ ಹೆಚ್ಚುಕಡಿಮೆ ಆಗುತ್ತದೆ, ಅದನ್ನು ಬಿಡುವಿಲ್ಲದೆ ಅಳೆಯುತ್ತಿರಲು ಪುಟ್ಟದೊಂದು ಕಟ್ಟಡ ಬೇಕು ಎಂದು ಜಾಗ ಹುಡುಕುತ್ತ ಬಂದ ವಿಜ್ಞಾನಿ ಆಕೆ. ಸುತ್ತ ಕಬ್ಬಿಣವಿರಬಾರದು, ಕರೆಂಟಿನ ತಂತಿ ಇರಬಾರದು. ಹೊಳೆಯಪ್ಪನ ಹೊಲ ಮನಸ್ಸಿಗೆ ಬಂದಿತ್ತು. ಇವತ್ತು ಕೊನೆಯ ಅಳತೆ. ಹೊಲ ಪಾಸಾದರೆ ಕಟ್ಟಡ ಕಾಯುವ ನೌಕರಿ ಹೊಲದ ಧಣಿಗೇ ಎಂದು ಮಾತಾಗಿತ್ತು. ನಲವತ್ತಾರರ ಹೊಳೆಯಪ್ಪ ಆಗಲೇ ಊರಿಗೆಲ್ಲ ಸುದ್ದಿ ಹಂಚಿ ಮುಗಿಸಿದ್ದ. ಈಗ ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದರೆ ಎಂಬ ಭಯ.

ಮೇಡಂ ಹೊಲದ ನಡುವೆ ಸೊಂಟದೆತ್ತರದ ಮರದ ಕಾಲು ನಿಲ್ಲಿಸಿ, ಅದರ ಮೇಲೆ ಡಬ್ಬಿಯಂಥ ಯಂತ್ರ ಕೂರಿಸಿದರು. ಪರದೆಯ ಮೇಲೆ ಅಂಕಿ ಮೂಡಿತು. ಹೊಳೆಯಪ್ಪ ಯಂತ್ರಕ್ಕೆ ಆತುಕೊಂಡಂತೆ ನಿಂತು ಇಣುಕಿದ. ಅಂಕಿ ಕುಣಿಯತೊಡಗಿತು.

"ಇಲ್ಲೆ ಎಲ್ಲೋ ಕಬ್ಬಿಣ ಅದರೀ," ಎಂದರು ಮೇಡಂ. "ಭೂಮಿದು ಪಿಸುಮಾತು ಇದ್ದಂಗ. ಬಾಜೂಕ ಒಂದು ಸಣ್ಣ ಮೊಳಿ ಇದ್ರೂ ಕಿವ್ಯಾಗ ಒದರಿದಂಗ ಆಗ್ತದ. ನಿಮ್ಮ ಮೈಮ್ಯಾಲೆ ಏನೂ ಇಲ್ಲಲ್ರೀ?"

"ಏನೂ ಇಲ್ರಿ. ಕೀಲಿಕೈ ಸುದ್ದಾ ಮನ್ಯಾಗ ಬಿಟ್ಟು ಬಂದೇನ್ರಿ."

ಬದುವಿನ ಮೇಲೆ ಆಗಲೇ ಮಂದಿ ಸೇರಿತ್ತು. ಪಕ್ಕದ ಹೊಲದ ಸಿದ್ಧಲಿಂಗ ಕೇಳದೆ ಬುದ್ಧಿ ಹೇಳುವುದರಲ್ಲಿ ಎತ್ತಿದ ಕೈ.

"ಅಂಗಿ ಗುಂಡಿ ನೋಡ್ಕೋ ಹೊಳೆಯಪ್ಪಾ. ಈಗಿನ ಗುಂಡಿ ಒಳಗೆಲ್ಲಾ ತಗಡು ಇರತೈತಿ."

ಹೊಳೆಯಪ್ಪ ಹಿಂದೆಮುಂದೆ ನೋಡದೆ ಗುಂಡಿಗಳನ್ನೆಲ್ಲ ಕಿತ್ತು ಬದುವಿನಾಚೆ ಎಸೆದ. ಅಂಗಿ ಪರದೆಯಂತೆ ಗಾಳಿಗೆ ಹಾರಿತು. ಅಂಕಿ ಮಾತ್ರ ಕುಣಿಯುತ್ತಲೇ ಇತ್ತು.

ಆಗ ಎತ್ತಿಗೆ ನಾಲು ಬಡಿಯುವ ಮಾಬುಸಾಬ ಮುಂದೆ ಬಂದ. "ಹೇಳಬಾರದು ಅಂತಿದ್ದೆ. ಮೊನ್ನೆ ಅನ್ನವ್ವ ನನ್ನ ಕಡಿಂದ ಐದು ನಾಲಿನ ಮೊಳಿ ಒಯ್ದಾಳ. ಮಗನ ನೌಕರಿಗೆ ಯಾರ ಕಣ್ಣೂ ಬೀಳಬಾರದು, ಹೊಲದ ಮೂಲಿಗೆ ಹುಗೀಬೇಕು ಅಂದ್ಲು."

ಕೇಳೋಣವೆಂದರೆ ಅವ್ವನ ಹತ್ತಿರ ಫೋನಿಲ್ಲ. ಬರುವುದು ಸಂಜೆಯ ಬಸ್ಸಿಗೆ. ಹೊಳೆಯಪ್ಪ ಹೊಲದ ಮೂಲೆಗೆ ಓಡಿದ, ಮಂದಿಯೂ ಅವನ ಹಿಂದೆ ಓಡಿತು. ಗುದ್ದಲಿ ತರುವಂತಿಲ್ಲ, ಅದೂ ಕಬ್ಬಿಣವೇ. ಬರಿಗೈಯಿಂದ ಕರಿಮಣ್ಣು ಕೆದರಿದಾಗ ಒಂದೊಂದು ಮೂಲೆಯಲ್ಲೂ ಒಂದು ಲಿಂಬೆಹಣ್ಣು, ಒಂದು ಮೊಳೆ ಸಿಕ್ಕವು. ನಾಲ್ಕೂ ಮೊಳೆಗಳನ್ನು ಮಾಬುಸಾಬ ಬದುವಿನಾಚೆ ಒಯ್ದ.

"ಅಂಕಿ ನಿಂತ್ವು, ಬರ್ರಿ," ಎಂದು ಮೇಡಂ ನಡುವಿನಿಂದ ಕೂಗಿದರು.

ಹೊಳೆಯಪ್ಪ ಏದುಸಿರು ಬಿಡುತ್ತ ಓಡಿಬಂದು ಯಂತ್ರದ ಮೇಲೆ ಬಾಗಿದ. ಅಂಕಿ ಮತ್ತೆ ಕುಣಿಯಿತು.

ಮೇಡಂ ಹಣೆ ಒತ್ತಿಕೊಂಡರು. "ಮೂಲಿ ಮೊಳಿ ಇಷ್ಟು ದೂರ ಮುಟ್ಟೂದಿಲ್ರಿ. ಆ ಐದನೇದ್ದು ಇಲ್ಲೇ ಹತ್ತಿರ ಅದ."

"ನಟ್ಟನಡುವ ಹುಗದಿರತಾಳ, ಮತ್ತೇನು," ಎಂದ ಸಿದ್ಧಲಿಂಗ.

ಮಂದಿಯೆಲ್ಲ ಮೈಮೇಲಿನ ಕಬ್ಬಿಣ ಬದುವಿನ ಮೇಲಿಟ್ಟು, ಕೈಗೆ ಸಿಕ್ಕ ಕಟ್ಟಿಗೆ ಹಿಡಿದು ಯಂತ್ರದ ಸುತ್ತ ಕೆದರತೊಡಗಿದರು. ಹೊಳೆಯಪ್ಪನದು ಎಲ್ಲರಿಗಿಂತ ಹೆಚ್ಚಿನ ಆವೇಶ. ಅವನು ಯಂತ್ರದ ಬುಡಕ್ಕೆ ಸರಿದಷ್ಟೂ ಅಂಕಿ ಏರಿತು.

"ಹತ್ತಿರ ಬಂದ್ರಿ, ಇನ್ನೂ ಹತ್ತಿರ," ಎಂದರು ಪರದೆ ನೋಡುತ್ತಿದ್ದ ಮೇಡಂ.

ಅವನು ಇನ್ನಷ್ಟು ತೋಡಿದ. ಉಗುರು ಮುರಿದವು, ಬೆನ್ನು ಬಿದ್ದುಹೋಯಿತು, ಮೊಣಕಾಲಿನ ಆಳಕ್ಕೆ ಕುಣಿ ಆಯಿತು. ಮೊಳೆ ಸಿಗಲಿಲ್ಲ. ಕಾಣದ ಆ ಮೊಳೆ ತನ್ನ ಎದೆಗೇ ನೆಟ್ಟಂತೆ ಅವನಿಗೆ ಅನಿಸಿತು.

ನಾಲ್ಕು ಗಂಟೆಯಾಯಿತು. "ಇವತ್ತ ನಾ ವರದಿ ಕಳಸಬೇಕ್ರಿ," ಎಂದರು ಮೇಡಂ, ಪಾಪ, ಬೇಸರದಿಂದಲೇ.

"ಹಂಗಾರ ನಂದೊಂದು ಹೊಲಾ ನೋಡ್ರಿ ಮೇಡಂ. ಬಾಜೂಕೇ ಐತಿ," ಎಂದ ಸಿದ್ಧಲಿಂಗ, ದೊಡ್ಡ ಉಪಕಾರ ಮಾಡುವವನ ಹಾಗೆ.

ಯಂತ್ರ ಬದು ದಾಟಿತು. ಮಂದಿಯೂ ದಾಟಿತು. ಹೊಳೆಯಪ್ಪ ಮುನಿಸಿಕೊಂಡು ತಾನು ತೋಡಿದ ಕುಣಿಯಲ್ಲೇ ಕೂತ. ಸಿದ್ಧಲಿಂಗನ ಹೊಲದಲ್ಲಿ ಅಂಕಿ ಕೆರೆಯ ನೀರಿನಂತೆ ತಣ್ಣಗೆ ನಿಂತುಬಿಟ್ಟಿತು. ಅರ್ಧ ತಾಸಿನಲ್ಲಿ ಆ ಹೊಲವೇ ನಿಕ್ಕಿಯಾಯಿತು, ನೌಕರಿಯೂ ಸಿದ್ಧಲಿಂಗನಿಗೇ ನಿಕ್ಕಿಯಾಯಿತು. ದೂರದ ರಸ್ತೆಯಲ್ಲಿ ನಿಲ್ಲಿಸಿದ್ದ ಮೇಡಂ ಅವರ ಜೀಪು ಹೋದ ಮೇಲೆ ಸಿದ್ಧಲಿಂಗ ಬದುವಿನ ಮೇಲಿಂದ ಕರೆದ. "ಬಾರಪಾ, ಚಾ ಕುಡಿಯೂಣು. ನಾನೇ ಕುಡಸ್ತೀನಿ." ಹೊಳೆಯಪ್ಪ ಕುಣಿಯ ಮಣ್ಣನ್ನೇ ಕೆದರುತ್ತ ಉಳಿದ.

ಸಂಜೆಯ ಬಸ್ಸಿಳಿದ ಅನ್ನವ್ವ ಸಂತೆಯ ಚೀಲ ಹೊತ್ತು ನೇರ ಹೊಲಕ್ಕೇ ಬಂದಳು. ದಿನವಿಡೀ ಮಂದಿ ಹೊಳೆಯಪ್ಪನನ್ನೇ ನೋಡುತ್ತ ನಿಂತಿತ್ತೆಂದಷ್ಟೇ ಬಸ್‌ಸ್ಟ್ಯಾಂಡಿನಲ್ಲಿ ಊರವರು ಹೇಳಿದ್ದರು; ನೌಕರಿ ಹೋದದ್ದನ್ನಾಗಲಿ ಮೊಳೆಯ ಮಾತನ್ನಾಗಲಿ ಯಾರೂ ಎತ್ತಿರಲಿಲ್ಲ.

"ಅವ್ವಾ, ಒಂದು ಮಾತು ಹೇಳು. ಐದನೇ ಮೊಳಿ ಎಲ್ಲಿಟ್ಟಿ?"

ಅನ್ನವ್ವ ಕುಣಿಯ ಅಂಚಿನಲ್ಲಿ ಕೂತು ಮಗನ ಅಂಗಿಯ ಚುಂಗು ಹಿಡಿದಳು. "ಅಯ್ಯ, ಗುಂಡಿ ಎಲ್ಲಾ ಎಲ್ಲಿ ಹೋದ್ವೋ?" ಎನ್ನುತ್ತ ಅಂಗಿಯ ಕೆಳಗಿನ ಮಡಿಕೆಯನ್ನು ಬೆರಳಿನಿಂದ ತಡವಿದಳು. ಮುಖ ಅರಳಿತು. "ಇಲ್ಲೇ ಐತಿ ನೋಡು. ಗುಂಡಿ ಹಚ್ಚೂ ಮುಂದ ಇದರಾಗ ಇಟ್ಟು ಹೊಲದಿದ್ದೆ. ಇವತ್ತ ಊರ ಮಂದಿ ಎಲ್ಲಾ ನಿನ್ನನ್ನೇ ನೋಡತಾರಂತ ನನಗ ಗೊತ್ತಿತ್ತು."

ಹೊಳೆಯಪ್ಪ ಒಮ್ಮೆ ಮಡಿಕೆಯನ್ನು, ಒಮ್ಮೆ ಸಿದ್ಧಲಿಂಗನ ಹೊಲವನ್ನು, ಒಮ್ಮೆ ಅವ್ವನ ಮುಖವನ್ನು ನೋಡಿದ.

"ಯಾಕ ಹಂಗ ನೋಡ್ತಿ?" ಎಂದಳು ಅನ್ನವ್ವ, ಮಡಿಕೆಯನ್ನು ಮೆಲ್ಲಗೆ ಸರಿಪಡಿಸುತ್ತ. "ಅಷ್ಟು ಮಂದಿ ದಿನಾಪೂರ್ತಿ ನೋಡಿದ್ರಂತ. ಒಬ್ಬರದಾದ್ರೂ ಕಣ್ಣು ತಗಲೇತೇನು ನಿನಗ?"