ಪೆಂಡುವನ ಹೆಗಲು, ದೇವರ ಹೆಜ್ಜೆ

ಬೆಳಿಗ್ಗೆ ಕತ್ತೆಗೆ ಹುಲ್ಲು ಹಾಕಲು ಹೋದ ಪೆಂಡುವನ ಬಲಗಾಲ ಹೆಬ್ಬೆರಳಿನ ಬುಡಕ್ಕೆ ಜಾಲಿಮುಳ್ಳು ಹೊಕ್ಕಿತು. ಹೊಕ್ಕಿದ್ದು ಒಳಗೇ ಮುರಿಯಿತು.

"ಅಲ್ರೀ, ಈ ಕಾಲಲ್ಲಿ ದೇವರನ್ನ ಹೊರ್ತೀರಾ? ಬೇರೆ ಯಾರಿಗಾದ್ರೂ ಹೇಳಿ," ಅಂದಳು ಹೆಂಡತಿ ವಾಬೆತ.

"ಮಗಳು ಹೆನುತಳ ಮದುವೆ ಮಾತು ದೇವರ ಮುಂದೆ ಬರೋ ದಿನ ನಾನು ಮನೇಲಿ ಕೂರಲಾ? ಇಪ್ಪತ್ತು ವರ್ಷ ಹೊತ್ತ ಹೆಗಲು ಕಣೇ ಇದು!"

ನಮ್ಮದು ಅರಸರ ಗೋರಿ ಕೊರೆಯುವವರ ಊರು. ಎಂದೋ ತೀರಿಕೊಂಡು ದೇವರಾದ ಹಳೆಯ ದೊರೆಯೇ ನಮಗೆ ನ್ಯಾಯ ಹೇಳುವವನು. ಹಬ್ಬದ ದಿನ ನಾವೇ ಎಂಟು ಮಂದಿ ಅವನ ಮೂರ್ತಿ ಹೊರುತ್ತೇವೆ. ಕೇಳಿದ ಮಾತಿಗೆ ದೇವರು ಮುಂದೆ ನಡೆದರೆ ಹೌದು, ಹಿಂದೆ ಸರಿದರೆ ಇಲ್ಲ. ನಡೆಯುವವನು ದೇವರು, ಹೊರುವವರದು ಬರೀ ಕಾಲು. ನಮ್ಮ ಕಾಲುಗಳ ಯೋಗ್ಯತೆ ನೋಡಿದರೆ ಹಾಗೆ ನಂಬುವುದೇ ಕ್ಷೇಮ.

ಪೆಂಡುವನದು ಮುಂದಿನ ಸಾಲು. ಚಿತ್ರ ಬರೆಯುವ ಮೆನ್ನ ಕೈಯೆತ್ತಿ ನಿಂತ. ಹೋದ ಹಬ್ಬದಲ್ಲಿ ಹೆಂಡದ ಖುಷಿಯಲ್ಲಿ ಹೆನುತಳನ್ನು ಸೊಸೆ ಮಾಡಿಕೊಳ್ಳುತ್ತೇನೆಂದು ಮಾತು ಕೊಟ್ಟವನು ಅವನೇ.

"ಸ್ವಾಮೀ, ಪೆಂಡುವನ ಮಗಳನ್ನ ನನ್ನ ಮಗನಿಗೆ ತಂದ್ಕೊಳ್ಳಲಾ?"

ಪೆಂಡುವ ಹಿಗ್ಗಿನಿಂದ ಬಲಗಾಲು ಮುಂದಿಟ್ಟ. ಕಾದ ಹಂಚು ತುಳಿದ ಬಾತಿನ ಹಾಗೆ ಹಿಂದಕ್ಕೆ ಜಿಗಿದ. ಅವನೊಂದಿಗೆ ಏಳು ಮಂದಿ, ಏಳು ಮಂದಿಯೊಂದಿಗೆ ದೇವರು.

"ದೇವರು ಬೇಡ ಅಂತು!" ಎಂದಿತು ಊರು.

"ದೇವರಲ್ಲ, ನಾನು! ನನ್ನ ಕಾಲಲ್ಲಿ ಮುಳ್ಳಿದೆ!"

ಅಲ್ಲಿಗೆ ಕೆಲಸ ಕೆಟ್ಟಿತು.

"ಹಾಗಾದ್ರೆ ಹೋದ ವರ್ಷ ದೇವರ ತೀರ್ಪಲ್ಲಿ ನನ್ನ ಗುಡಿಸಲು ಹೋಯ್ತಲ್ಲ, ಅದೂ ನಿನ್ನ ಕಾಲೇ?" ಎಂದು ಕಲ್ಲುಕುಟಿಗನೊಬ್ಬ ಉಳಿ ಹಿಡಿದೇ ಬಂದ.

"ಗಂಡನ್ನ ಬಿಡಬೇಡ ಅಂದದ್ದು ದೇವರೋ ನೀನೋ? ಹದಿನೆಂಟು ವರ್ಷ ಸಹಿಸ್ಕೊಂಡೆನಲ್ಲೋ ಪಾಪಿ!" ಎಂದಳು ಹಿಟ್ಟು ಬೀಸುವವಳು. ಪಕ್ಕದಲ್ಲೇ ನಿಂತಿದ್ದ ಗಂಡ ತಲೆ ತಗ್ಗಿಸಿದ.

ಮೇಸ್ತ್ರಿ ಕಾಹ ಕೋಲು ಕುಟ್ಟಿದ. "ಸುಮ್ನಿರಿ! ಮುಳ್ಳೋ ಅಲ್ವೋ ಅಂತ ದೇವರನ್ನೇ ಕೇಳೋಣ. ಪೆಂಡುವನ ಜಾಗಕ್ಕೆ ಯಾರಾದ್ರೂ ಹೆಗಲು ಕೊಡಿ."

"ನಾನಿದ್ದೀನಿ ಬೀಗರೇ," ಎಂದು ಮೆನ್ನ ಬಂದ. ಬರುತ್ತ ಮೇಸ್ತ್ರಿಗೆ ನಡು ಬಗ್ಗಿಸಿದ. ಪೆಂಡುವನ ಕಣ್ಣು ತುಂಬಿ ಬಂತು.

"ಸ್ವಾಮೀ, ಆಗ ಹಿಂದೆ ಸರಿದದ್ದು ನನ್ನ ಮುಳ್ಳುಗಾಲೇ ತಾನೇ?" ಎಂದು ಪೆಂಡುವ ಎದುರು ನಿಂತು ಕೇಳಿದ.

ದೇವರು ಹಿಂದೆ ಹಿಂದೆ ಓಡಿ ಗುಡಿಯ ಬಾಗಿಲಿಗೆ ಹೋಗಿ ನಿಂತ.

ಮೆನ್ನ ಬೆವರು ಒರೆಸಿಕೊಂಡು ಪಾದ ಎತ್ತಿ ತೋರಿಸಿದ. "ನನ್ನ ಕಾಲಲ್ಲಿ ಮುಳ್ಳಿಲ್ಲಪ್ಪ. ಎಲ್ಲಾ ದೇವರಿಚ್ಛೆ."

ಕಾಲು ನಿರಪರಾಧಿ ಎಂದು ದೇವರೇ ಹೇಳಿದ ಮೇಲೆ ಪೆಂಡುವ ಮತ್ತೆ ಹೊರಲೇಬೇಕಾಯಿತು. ಮೆನ್ನ ಮತ್ತೆ ಎದುರು ನಿಂತು ಕೈಯೆತ್ತಿದ.

"ಸ್ವಾಮೀ, ಹಾಗಾದ್ರೆ ಮೇಸ್ತ್ರಿಗಳ ಮಗಳನ್ನ ತಂದ್ಕೊಳ್ಳಲಾ?"

ಪೆಂಡುವನಿಗೆ ಈಗ ಎಲ್ಲ ತಿಳಿಯಿತು: ಗುಡಿಯ ಬಾಗಿಲವರೆಗೆ ಹಿಂದೆ ಓಡಿದ್ದು ಮೆನ್ನನ ಕಾಲು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ದೇವರನ್ನು ಕೇಳದೆ ಹೆಜ್ಜೆ ಇಡಲು ನಿಶ್ಚಯಿಸಿದ. 'ತಪ್ಪಾಯ್ತು ಸ್ವಾಮೀ' ಎಂದು ಒಳಗೇ ಹೇಳಿಕೊಂಡು, ಹಲ್ಲು ಕಚ್ಚಿ ಬಲಗಾಲನ್ನು ಹಿಂದಕ್ಕೆ ಊರಿದ. ಹಿಂದೆ ಹೆಜ್ಜೆ ಹಾಕುವಾಗ ಮೊದಲು ನೆಲಕ್ಕೆ ತಾಗುವುದು ಬೆರಳ ಬುಡವೇ ಎಂಬುದು ಪಾಪ ಅವನಿಗೆ ನೆನಪಿರಲಿಲ್ಲ.

"ಅಯ್ಯಯ್ಯೋ!" ಎಂದು ಮುಂದಕ್ಕೆ ಹಾರಿದ. ದೇವರು ಮೆನ್ನನನ್ನು ತಬ್ಬಿಕೊಳ್ಳುವಷ್ಟು ಹತ್ತಿರ ಬಂದ. ಹೆಂಗಸರು ಸಂತೋಷದಿಂದ ಕೇಕೆ ಹಾಕಿದರು, ತಮಟೆ ಬಡಿಯಿತು.

ಸಂಜೆ ವಾಬೆತ ಸೂಜಿಯಿಂದ ಮುಳ್ಳು ತೆಗೆದಳು. "ಜವೆಕಾಳಿನಷ್ಟೂ ಇಲ್ವಲ್ರೀ!"

"ಬಿಸಾಡ್ಬೇಡ ಕಣೇ," ಎಂದು ಪೆಂಡುವ ಅದಕ್ಕೆ ಕೈ ಮುಗಿದ. "ನಾನು ಹಿಂದೆ ಅಂದ್ರೆ ಮುಂದೆ ಅಂತು. ನನಗಿಂತ ದೊಡ್ಡದು."

ಅಷ್ಟರಲ್ಲಿ ಮೆನ್ನ ಬಾಗಿಲಲ್ಲಿ ಇಣುಕಿದ. "ಕಾಲು ಹೇಗಿದೆ ಪೆಂಡುವಣ್ಣ?"

"ಈಗ ಸರಿಹೋಯ್ತು."

"ದೇವರು ದೊಡ್ಡವನು! ಮದುವೆಗೆ ನಲವತ್ತು ಕೊಡ ಹೆಂಡ ಗುಡ್ಡ ಹತ್ತಬೇಕು. ನಿಮ್ಮಂಥ ಹೆಗಲು ಊರಲ್ಲಿ ಇನ್ನೊಂದಿಲ್ಲ, ನೋಡಿ."