ಅತ್ತೆ ಹಚ್ಚಿದ ಕರೆಂಟಿನ ದೀಪ

ಸಾರಿಗೆ ಉಪ್ಪು ಹದವಾಗಿ ಬಿದ್ದಿದ್ದರೆ ಯಾರೂ ಉಪ್ಪಿನ ಮಾತೆತ್ತುವುದಿಲ್ಲ. ಹೆಚ್ಚೋ ಕಡಿಮೆಯೋ ಆದಾಗ ಮಾತ್ರ ಪಂಕ್ತಿಯಲ್ಲಿ ಅದರ ಹೆಸರು ಕೇಳಿಬರುತ್ತದೆ. ನೃತ್ಯ ತಂಡವೊಂದರಲ್ಲಿ ಲೈಟಿಂಗ್ ನೋಡಿಕೊಳ್ಳುವ ನನ್ನ ಪಾಡೂ ಅಷ್ಟೇ. ಬೆಳಕು ಸರಿಯಾಗಿ ಬಿದ್ದರೆ ಜನ ನರ್ತಕಿಯ ಅಭಿನಯವನ್ನು ಕೊಂಡಾಡುತ್ತಾರೆ. ತಪ್ಪಿ ಬಿದ್ದರೆ ಸಭೆಗೆ ಸಭೆಯೇ ಕತ್ತು ತಿರುಗಿಸಿ, ಹಿಂದುಗಡೆ ಗಾಜಿನ ಗೂಡಿನಲ್ಲಿ ಕೂತ ನನ್ನನ್ನು ಹುಡುಕುತ್ತದೆ. ಪ್ರೇಕ್ಷಕರ ಮುಖವನ್ನು ನಾನು ನೋಡಿರುವುದು ಅಂಥ ಸಂದರ್ಭಗಳಲ್ಲಿ ಮಾತ್ರ. ಇದರ ಬಗ್ಗೆ ನನಗೆ ಬೇಸರವೇನೂ ಇಲ್ಲವೆಂದು ಎಲ್ಲರ ಹತ್ತಿರವೂ ಹೇಳಿಕೊಂಡು ಓಡಾಡುತ್ತಿದ್ದೆ. ಆಗ ಮೈಸೂರಿನಿಂದ ನಮ್ಮ ಅತ್ತೆ ಬಂದರು.

ಅಳಿಯನ ಉದ್ಯೋಗವೇನೆಂಬುದು ಅತ್ತೆಗೆ ಎಂದೂ ಸ್ಪಷ್ಟವಾಗಿರಲಿಲ್ಲ. ಮದುವೆಯ ಮಾತುಕತೆಯಲ್ಲಿ ನಮ್ಮ ಕಡೆಯವರು "ಎಲೆಕ್ಟ್ರಿಕಲ್ ಓದಿದಾನೆ, ಮಲೇಷಿಯಾದಲ್ಲಿದಾನೆ" ಎಂದಷ್ಟೇ ಹೇಳಿ ಜಾಣತನದಿಂದ ಕಾಫಿಯ ಕಡೆ ಮಾತು ತಿರುಗಿಸಿದ್ದರು. ಬ್ರಿಕ್‌ಫೀಲ್ಡ್ಸ್‌ನ ನಮ್ಮ ಫ್ಲಾಟಿನಲ್ಲಿ ಒಂದು ಬೆಳಿಗ್ಗೆ ಹುರುಳಿಕಾಯಿ ಮುರಿಯುತ್ತ ಅವರು ನೇರವಾಗಿ ಕೇಳಿಬಿಟ್ಟರು: "ಬೇಜಾರು ಮಾಡ್ಕೋಬೇಡಿ ಅಳಿಯಂದ್ರೆ. ಆ ಹುಡುಗೀರು ಕುಣೀತಾರೆ, ಸರಿ. ಯಾರೋ ಹಾಡ್ತಾರೆ, ಅದೂ ಸರಿ. ನೀವು ಅಲ್ಲಿ ಏನು ಮಾಡ್ತೀರಿ?" ನಾನು ಉತ್ಸಾಹದಿಂದ ಶುರು ಮಾಡಿದೆ. ಮುಖದ ಮೇಲೆ ಬೆಳಕು ಯಾವ ಕಡೆಯಿಂದ ಬಿದ್ದರೆ ಕಣ್ಣು ಕಾಣುತ್ತದೆ, ವಿರಹಕ್ಕೆ ಯಾವ ನೀಲಿ, ರಾಕ್ಷಸ ಬರುವಾಗ ನೆರಳು ಎಷ್ಟು ಉದ್ದವಿರಬೇಕು, ಎಲ್ಲವನ್ನೂ ವಿವರಿಸಿದೆ. ಹುರುಳಿಕಾಯಿ ಮುಗಿಯಿತು. "ಅಂದ್ರೆ ಸ್ವಿಚ್ ಹಾಕೋದು," ಎಂದು ಅತ್ತೆ ಎದ್ದರು. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ರೇಖಾಳಿಗೆ, "ಮನೇಲಿ ಮಾತ್ರ ಫ್ಯಾನ್ ಆರಿಸದೇ ಹೋಗ್ತಾರಲ್ಲೇ," ಎಂದು ಪಿಸುಗುಟ್ಟಿದ್ದೂ ನನಗೆ ಕೇಳಿಸಿತು.

ಆ ದಿನದಿಂದ ನನಗೊಂದು ಹಟ ಹುಟ್ಟಿತು. ಊರಿಗೆ ಹೊರಡುವುದರೊಳಗೆ ಅತ್ತೆಯ ಬಾಯಿಂದ ನನ್ನ ಕೆಲಸಕ್ಕೆ ಒಂದು ಒಳ್ಳೆಯ ಮಾತು ಬರಬೇಕು. ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡವನಿಗೆ ಒಪ್ಪುವ ಆಸೆ ಇದಲ್ಲ ಎಂದು ಗೊತ್ತಿದ್ದರೂ ಅದು ಹೋಗಲಿಲ್ಲ. ಮೆಲಾಕಾದ ಪ್ರದರ್ಶನಕ್ಕೆ ಅವರನ್ನೂ ಕರೆದುಕೊಂಡು ಹೋಗುವುದೆಂದು ನಿಶ್ಚಯಿಸಿದೆ.

ಇಲ್ಲಿ ನಮ್ಮ ತಂಡದ ದೀಪದ ವಿಷಯ ಹೇಳಬೇಕು. ಮುಖ್ಯ ಅತಿಥಿ ದೀಪ ಹಚ್ಚದೆ ನಮ್ಮ ಜನಕ್ಕೆ ಯಾವ ಕಾರ್ಯಕ್ರಮವೂ ಶುರುವಾದಂತೆ ಅನಿಸುವುದಿಲ್ಲ. ಆದರೆ ಇಲ್ಲಿನ ಸಭಾಂಗಣಗಳಲ್ಲಿ ಬೆಂಕಿ ನಿಷಿದ್ಧ. ಒಂದು ಊದುಬತ್ತಿ ಹೊಗೆಯಾಡಿದರೂ ಮೇಲಿನ ಯಂತ್ರ ಊರಿಗೆಲ್ಲ ಕೇಳುವಂತೆ ಅರಚಿಕೊಳ್ಳುತ್ತದೆ. ಹಾಗಾಗಿ ತಂಡವನ್ನು ನಡೆಸುವ ಬಾಂಗ್ಸಾರಿನ ಲಲಿತಾ ಟೀಚರ್ ಅವರ ಅಪ್ಪಣೆಯಂತೆ ನಾನೇ ಒಂದು ಹಿತ್ತಾಳೆ ದೀಪದ ಕಂಬಕ್ಕೆ ಬತ್ತಿಯ ಜಾಗದಲ್ಲಿ ಐದು ಪುಟ್ಟ ಬಲ್ಬು ಕೂರಿಸಿ, ವೈರನ್ನು ಕಂಬದೊಳಗಿಂದ ಇಳಿಸಿ, ರತ್ನಗಂಬಳಿಯ ಅಡಿಯಲ್ಲಿ ಎಳೆದು ನನ್ನ ಗೂಡಿಗೆ ಸೇರಿಸಿದ್ದೆ. ಅತಿಥಿಯ ಕೈಗೆ ಕೊಡುವ ಮೇಣದಬತ್ತಿಯೂ ಬ್ಯಾಟರಿಯದೇ. ಅವರು ಅದನ್ನು ಬತ್ತಿಗೆ ತಾಗಿಸಿದಂತೆ ಮಾಡಬೇಕು, ನಾನು ಇಲ್ಲಿಂದ ಬೆಳಗಿಸಬೇಕು. ಹೇಗೆ ಮಾಡಬೇಕೆಂದು ಟೀಚರ್ ಅತಿಥಿಗೆ ಮೊದಲೇ ಕಿವಿಯಲ್ಲಿ ಹೇಳಿರುತ್ತಿದ್ದರು. ಆದರೂ ಅತಿಥಿಗಳೆಂದರೆ ಅತಿಥಿಗಳೇ. ಇಪೊ ಊರಿನ ಪ್ರದರ್ಶನದಲ್ಲಿ ಒಬ್ಬರು ಕಾಲಿನ ಚಪ್ಪಲಿ ಬಿಡಲು ಬಗ್ಗಿದ್ದನ್ನು ದೀಪಕ್ಕೆ ಬಗ್ಗಿದರೆಂದು ತಿಳಿದು ನಾನು ಹಚ್ಚಿಬಿಟ್ಟೆ. ಕಾಲ ಬುಡದಿಂದ ಎದ್ದ ಮಹನೀಯರು ಉರಿಯುತ್ತಿದ್ದ ದೀಪವನ್ನು ಕಂಡು ಹೌಹಾರಿ ಮೈಕಿನ ಮೇಲೆ ಬಿದ್ದರು. "ಇನ್ನೊಂದ್ಸಲ ಹೀಗಾದ್ರೆ ನಾನು ಬೇರೆಯವ್ರನ್ನ ನೋಡ್ಕೋತೀನಿ," ಎಂದು ಟೀಚರ್ ತಣ್ಣಗೆ ಹೇಳಿದ್ದರು. ಅವರು ತಣ್ಣಗೆ ಹೇಳಿದ್ದನ್ನು ಮಾಡದೇ ಬಿಟ್ಟ ದಾಖಲೆಯಿಲ್ಲ.

ಮೆಲಾಕಾದಲ್ಲಿ ಮುಖ್ಯ ಅತಿಥಿಯಾಗಬೇಕಿದ್ದ ಡಾಕ್ಟರು ತುರ್ತು ಆಪರೇಷನ್ ಎಂದು ಬರಲೇ ಇಲ್ಲ. ಜನ ಕೈಗಡಿಯಾರ ನೋಡತೊಡಗಿದಾಗ ಟೀಚರ್ ಮೈಕು ಹಿಡಿದು, ಸಭೆಯಲ್ಲಿರುವ ಹಿರಿಯರೇ ಇಂದು ದೀಪ ಬೆಳಗಿಸುತ್ತಾರೆಂದು ಘೋಷಿಸಿ, ಮುಂದಿನ ಸಾಲಿನಲ್ಲಿದ್ದ ನಮ್ಮ ಅತ್ತೆಯತ್ತ ಕೈ ಚಾಚಿದರು. ಹೆಡ್‌ಫೋನಿನಲ್ಲಿ ಸ್ಟೇಜ್ ನೋಡಿಕೊಳ್ಳುವ ಸೆಲ್ವಂ, "ಅಣ್ಣಾ, ಅದು ಉಂಗ ಮಾಮಿಯಾರಾ?" ಎಂದ. ಹೌದು, ನಮ್ಮ ಅತ್ತೆಯೇ ಎಂದೆ. "ಹಬೀಸ್ ಲಾ," ಎಂದ. ಕಥೆ ಮುಗಿಯಿತು ಎನ್ನುವುದನ್ನು ಮಲಯ ಭಾಷೆಯಲ್ಲಿ ಹಾಗೆ ಹೇಳುತ್ತಾರೆ.

ಅತ್ತೆ ಕೂತಲ್ಲೇ ತಲೆಯಾಡಿಸುತ್ತಿದ್ದರು. ಅವರ ಬಾಯಿ ಏನು ಹೇಳುತ್ತಿದೆಯೆಂದು ನನಗೆ ಹಿಂದುಗಡೆಯಿಂದಲೂ ತಿಳಿಯಿತು: ನನ್ನ ಕೈಲಿ ಬೇಡಮ್ಮಾ. ಮಾವ ತೀರಿಕೊಂಡ ಮೇಲೆ ಅವರು ಮನೆಯ ದೀಪವನ್ನೇನೋ ದಿನವೂ ಹಚ್ಚುತ್ತಿದ್ದರು, ಆದರೆ ನಂಟರ ಮನೆಯ ಶುಭಕಾರ್ಯಗಳಲ್ಲಿ ಆರತಿಯ ಹೊತ್ತಿಗೆ ತಾವಾಗಿಯೇ ಹಿಂದೆ ಸರಿದು ಕಂಬದ ಪಕ್ಕ ನಿಲ್ಲುತ್ತಿದ್ದರು. ಹಿಂದೆ ಸರಿಯಿರಿ ಎಂದು ಯಾರೂ ಹೇಳಿದ್ದಿಲ್ಲ. ಮುಂದೆ ಬನ್ನಿ ಎಂದೂ ಯಾರೂ ಹೇಳಿದ್ದಿಲ್ಲ. ಆ ಯಾರೂ ಹೇಳದವರಲ್ಲಿ ನಾನೂ ಒಬ್ಬ. ರೇಖಾ ಈಗ ಅಮ್ಮನ ರಟ್ಟೆ ಹಿಡಿದು ಎಬ್ಬಿಸಿದಳು. ಫೋಟೊ ತೆಗೆಯುತ್ತಾರೆಂದು ಅತ್ತೆ ಕನ್ನಡಕವನ್ನು ಮಗಳ ಕೈಗಿತ್ತು, ಸೆರಗು ಹೊದ್ದು, ಮೆಟ್ಟಿಲು ಹತ್ತಿದರು.

ದೀಪದ ಗುಟ್ಟನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಟೀಚರ್ ಕೈಯಲ್ಲಿ ಮೈಕಿದ್ದುದರಿಂದ ಈಗ ಹೇಳುವಂತೆಯೂ ಇರಲಿಲ್ಲ. ಅತ್ತೆ ದೀಪದೊಳಗೆ ಇಣುಕಿ, "ಎಣ್ಣೇನೇ ಹಾಕಿಲ್ವಲ್ಲಮ್ಮಾ," ಎಂದದ್ದು ಸಭಾಂಗಣಕ್ಕೆಲ್ಲ ಕೇಳಿಸಿತು. ಕನ್ನಡದವರು ನಕ್ಕರು. ಮುಂದಿನ ಸಾಲಿನ ಚೀನೀ ದಂಪತಿ ಅದನ್ನು ಶ್ಲೋಕವೆಂದು ತಿಳಿದು ಕೈಮುಗಿದರು. ಅತ್ತೆ ಕೆಳಗಿಳಿಯಲು ಒಂದು ನೆಪ ಹುಡುಕುತ್ತಿದ್ದಾರೆಂದು ನನಗೆ ಗೊತ್ತಾಯಿತು. ಈಗ ಇಳಿದರೆ ಇನ್ನೆಂದೂ ಯಾವ ವೇದಿಕೆಯನ್ನೂ ಹತ್ತುವುದಿಲ್ಲವೆಂದೂ ಗೊತ್ತಾಯಿತು. ನನ್ನ ಕೆಲಸ ಹೋಗುವುದು ಹಾಗಿರಲಿ, ನನಗೆ ಅವರ ಬಗ್ಗೆ ನಿಜವಾಗಿ ಸಂಕಟವಾಯಿತು.

ಆದರೆ ದಿನವೂ ಸಂಜೆ ಅವರು ದೀಪ ಹಚ್ಚುವುದನ್ನು ನಾನು ಸೋಫಾದ ಮೇಲೆ ಬಿದ್ದುಕೊಂಡು ನೋಡಿದವನು. ಮನಸ್ಸಿಗೆ ಏನಾದರೂ ಅಳುಕಿದ್ದರೆ ಅವರು ಮೊದಲು ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಾರೆ. ಈಗಲೂ ಕಣ್ಣು ಮುಚ್ಚಿದರು. ತುಟಿ ಅಲುಗಿತು. ನಾನು ಅಲ್ಲಿಯವರೆಗೆ ಯಾವ ನರ್ತಕಿಗೂ ಮಾಡದಷ್ಟು ನಾಜೂಕಾಗಿ ಬೆರಳಾಡಿಸಿದೆ. ವೇದಿಕೆಯ ಬೆಳಕನ್ನು ಕೊಂಚ ಇಳಿಸಿ, ಬಲ್ಬುಗಳನ್ನು ಬತ್ತಿ ಹತ್ತಿಕೊಳ್ಳುವ ಹಾಗೆಯೇ ಮೊದಲು ಮಿಣುಕಿಸಿ, ತಡೆದು, ಆಮೇಲೆ ನಿಧಾನವಾಗಿ ಏರಿಸಿದೆ. ಅತ್ತೆ ಕಣ್ಣು ಬಿಟ್ಟಾಗ ಐದೂ ಉರಿಯುತ್ತಿದ್ದವು. ಅವರು ಎರಡೂ ಕೈಯನ್ನು ಕೆನ್ನೆಗೆ ಒತ್ತಿಕೊಂಡು ನಿಂತರು, ಆಮೇಲೆ ಅಲ್ಲೇ ಮಂಡಿಯೂರಿ ನಮಸ್ಕಾರ ಮಾಡಿದರು. ಚಪ್ಪಾಳೆ ಬಿತ್ತು. "ಕ್ಲಾಸ್ ಲಾ, ಅಣ್ಣಾ," ಎಂದ ಸೆಲ್ವಂ.

ಪ್ರದರ್ಶನ ಮುಗಿದ ಮೇಲೆ ಪಕ್ಕದ ಮಾಮಕ್ ಅಂಗಡಿಯಲ್ಲಿ ಚಹಾ ಕುಡಿಯಲು ಕೂತೆವು. ಪ್ರಶಂಸೆ ಸ್ವೀಕರಿಸಲು ತಕ್ಕ ಮುಖವನ್ನು ನಾನು ದಾರಿಯಲ್ಲೇ ಸಿದ್ಧಪಡಿಸಿಕೊಂಡಿದ್ದೆ. ಅತ್ತೆ ನನ್ನ ಕೈ ಹಿಡಿದುಕೊಂಡರು. "ಅಳಿಯಂದ್ರೆ, ಎಣ್ಣೆ ಇರ್ಲಿಲ್ಲ. ಕೈಲಿದ್ದ ಕ್ಯಾಂಡಲ್‌ನಲ್ಲಿ ಬಿಸೀನೇ ಇರ್ಲಿಲ್ಲ. ನಾನಿನ್ನೂ ಮುಟ್ಟಿಸೇ ಇರ್ಲಿಲ್ಲ. ತಾನೇ ಹತ್ಕೊಳ್ತು. ನನ್ನ ಕೈಲಿ ಆಗಬಾರದು ಅಂತ ನಾನೇ ಅಂದ್ಕೊಂಡಿದ್ದೆ. ಮೇಲಿರೋನು ಹಾಗಂದ್ಕೊಂಡಿಲ್ಲ." ಅವರ ಕಣ್ಣು ತುಂಬಿತ್ತು. ನಾನು ಬಾಯಿ ತೆರೆದೆ. ಮೇಜಿನಡಿಯಲ್ಲಿ ರೇಖಾ ನನ್ನ ಕಾಲು ತುಳಿದಳು. ತುಳಿಯದಿದ್ದರೂ ನಾನು ಹೇಳುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ರೇಖಾ ಮಾತ್ರ ಒಪ್ಪುವುದಿಲ್ಲ. ತೆರೆದ ಬಾಯಿಗೆ ರೊಟ್ಟಿ ಚಾನಾಯ್ ಹಾಕಿಕೊಂಡೆ.

ಮರುದಿನದಿಂದ ಮೈಸೂರಿನ ಸಮಸ್ತ ನಂಟರಿಗೂ ವಿಡಿಯೊ ಕಾಲ್ ಹೋಗತೊಡಗಿತು. ಬರುವ ತಿಂಗಳು ತಮ್ಮ ನಾದಿನಿಯ ಮೊಮ್ಮಗಳ ನಾಮಕರಣಕ್ಕೆ ದೀಪ ತಾವೇ ಹಚ್ಚುವುದಾಗಿ ಅತ್ತೆ ಹೇಳಿದರು, ಯಾರೂ ಎದುರಾಡಲಿಲ್ಲ. ತಾನೇ ಹತ್ತಿಕೊಂಡ ದೀಪದ ಎದುರು ಯಾರು ಏನು ಆಡಿಯಾರು? ಒಬ್ಬರು ಮಾತ್ರ, "ನಿಮ್ಮ ಅಳಿಯಂದಿರೂ ನೋಡಿದ್ರಾ?" ಎಂದು ಕೇಳಿದರು. "ಅವರೆಲ್ಲಿ, ಪಾಪ," ಎಂದರು ಅತ್ತೆ. "ಹಿಂದೆ ಸ್ವಿಚ್ ಹತ್ರ ಕೂತಿದ್ರು. ಇಂಥದ್ದು ನೋಡೋಕೂ ಪುಣ್ಯ ಬೇಕು."

ಹೊರಡುವ ಹಿಂದಿನ ಸಂಜೆ ಅತ್ತೆ ದೇವರ ಮುಂದೆ ದೀಪ ಹಚ್ಚಿ, ಸೋಫಾದ ಮೇಲಿದ್ದ ನನ್ನನ್ನು ಕರೆದು ಟ್ಯೂಬ್‌ಲೈಟ್ ಆರಿಸಲು ಹೇಳಿದರು. ಆರಿಸಿದೆ. ಕತ್ತಲಲ್ಲಿ ಎಣ್ಣೆಯ ದೀಪವೊಂದೇ ಉಳಿದು ಅವರ ಮುಖ ಹೊಂಬಣ್ಣವಾಯಿತು; ನಾನು ಎಷ್ಟೇ ಪರದಾಡಿದರೂ ಯಾರ ಮುಖಕ್ಕೂ ಆ ಬಣ್ಣ ತಂದವನಲ್ಲ. "ಹಾಂ, ಈಗ ಲಕ್ಷಣವಾಗಿದೆ," ಎಂದರು ಅತ್ತೆ. "ನಿಮ್ಮ ಕೆಲಸ ಸುಮ್ನೆ ಅಲ್ಲ ಅಳಿಯಂದ್ರೆ. ಯಾವಾಗ ಆರಿಸ್ಬೇಕು ಅಂತ ಗೊತ್ತಿರ್ಬೇಕು." ಕಾದು ಕಾದು ಬಂದ ಆ ಒಳ್ಳೆಯ ಮಾತನ್ನು ನಾನು ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ಸ್ವೀಕರಿಸಿ, ವಿನಯದಿಂದ ತಲೆ ತಗ್ಗಿಸಿದೆ. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ತಲೆ ಎತ್ತುವಷ್ಟರಲ್ಲಿ ಅದರ ಗಾಳಿಗೆ ದೀಪ ಆರಿಹೋಯಿತು.